ಶ್ರೀರಂಗಪಟ್ಟಣದ ಜಟ್ಟಿಗಳು

“ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಸೋತವನು ಸೋಲನ್ನು ಒಪ್ಪಿಕೊಳ್ಳದೆ ಏನಾದರೊಂದು ನೆಪ ಹೇಳಿದಾಗ ನಾವು ಈ ಮಾತನ್ನು ಆಡಿ ನಗುತ್ತೇವೆ. ಆದರೆ ಜಾರಿ ಬಿದ್ದ ಜಟ್ಟಿಯ ಕೀಲು ತಪ್ಪಿ, ಅವನು ಮತ್ತೆ ಅಖಾಡಕ್ಕೆ ಇಳಿಯಲಾರದೆ ಹೋದರೆ ಮುಂದೇನು ಎಂಬುದನ್ನು ಗಾದೆ ಹೇಳುವುದಿಲ್ಲ. ಕಾಳಗವೇ ಕಸುಬಾಗಿದ್ದವನ ಮನೆಯಲ್ಲಿ ಆ ಸಂಜೆ ಒಲೆ ಹೊತ್ತಿತೆ, ಇಲ್ಲವೆ ಎಂಬುದು ನಗೆಯ ಪ್ರಶ್ನೆಯಲ್ಲ.

ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಬೇರೊಂದು ಆಟದ ದೆಸೆಯಿಂದ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗನೊಬ್ಬ ಒಮ್ಮೆ ಕೇಳಿದ: “ಸಾರ್, ಅಮೆರಿಕದಲ್ಲಿ ಈ ಆಟ ಆಡಿಯೇ ಬದುಕುತ್ತಾರಂತೆ. ನಮ್ಮಲ್ಲಿ ಹಿಂದೆ ಯಾರಾದರೂ ಆಟವನ್ನೇ ಕಸುಬು ಮಾಡಿಕೊಂಡಿದ್ದರೆ?” ಅವನು ಹೇಳಿದ ಆಟ ಬಹಳ ಹಳೆಯದಲ್ಲ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕ ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸುವುದಕ್ಕಾಗಿ, ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಗೋಡೆಗೆ ತಗುಲಿಸಿ ಅದನ್ನು ಪ್ರಾರಂಭಿಸಿದ. ಕೆಲವೇ ವರ್ಷಗಳಲ್ಲಿ ಹಣ ಪಡೆದು ಆಡುವವರು ಹುಟ್ಟಿಕೊಂಡರು. ಅವರ ಇಂದಿನ ದೊಡ್ಡ ಸಂಘಟನೆಯ ಮೂಲ 1946ರದು. ಆಟ ಆಡಿ ಹೊಟ್ಟೆ ಹೊರೆಯುವುದು ಪಶ್ಚಿಮದಿಂದ ಬಂದ ಪದ್ಧತಿ ಎಂದೇ ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಆದರೆ ನಮ್ಮ ಕಾಲೇಜಿನ ಬಸ್ಸು ದಿನವೂ ಹಾದುಹೋಗುವ ಶ್ರೀರಂಗಪಟ್ಟಣದ ಕೋಟೆಯೊಳಗೆ, ನೈಸ್ಮಿತ್ ಹುಟ್ಟುವುದಕ್ಕೆ ಇನ್ನೂರು ವರ್ಷ ಮುಂಚೆಯೇ, ಕಾಳಗವಾಡುವುದೊಂದೇ ಕಸುಬಾಗಿದ್ದ ಜನರಿದ್ದರು. ಅವರೇ ಜಟ್ಟಿಗಳು.

ಮೊದಲು ಆ ಹೆಸರನ್ನು ನೋಡೋಣ. ಸಂಸ್ಕೃತದ ‘ಶ್ರೇಷ್ಠಿ’ ಕನ್ನಡದಲ್ಲಿ ‘ಸೆಟ್ಟಿ’ಯಾದಂತೆ ‘ಜ್ಯೇಷ್ಠಿ’ ಎಂಬುದು ‘ಜೆಟ್ಟಿ’ಯಾಯಿತು, ಆಡುಮಾತಿನಲ್ಲಿ ‘ಜಟ್ಟಿ’ಯಾಯಿತು. ಗುಜರಾತಿನ ಮೊಢೇರಾದ ಕಡೆ ಜ್ಯೇಷ್ಠಿಮಲ್ಲರೆಂಬ ಪಂಗಡವೊಂದಿತ್ತು. ಅವರ ಕುಲಗ್ರಂಥ ‘ಮಲ್ಲಪುರಾಣ’. ಅವರ ಕುಲದೇವತೆ ನಿಂಬಜಾದೇವಿ. ನಮ್ಮ ಜಟ್ಟಿಗಳು ಆರಾಧಿಸುವ ದೇವಿಯೂ ಆಕೆಯೇ. ಇವರು ಜನಿವಾರ ಧರಿಸುವವರು, ಕುಲದ ಅಭಿಮಾನವುಳ್ಳವರು.

ಮಲ್ಲರನ್ನು ಅರಸರು ಸಾಕಿದ ಕತೆ ಕನ್ನಡ ನಾಡಿನಲ್ಲಿ ಶ್ರೀರಂಗಪಟ್ಟಣಕ್ಕಿಂತ ಬಹಳ ಹಿಂದಿನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಪ್ರಕರಣವೇ ಇದೆ. ಮಲ್ಲರನ್ನು ಮೈಕಟ್ಟು, ಬಲ, ಕೌಶಲಗಳನ್ನು ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ಅಲ್ಲಿ ವಿಂಗಡಿಸಿದ್ದಾರೆ. ವಯಸ್ಸನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಅವರ ಊಟಕ್ಕೆ ಬೇಳೆ, ಮಾಂಸ, ಹಾಲು, ಸಿಹಿಗಳನ್ನು ಅರಸನೇ ಕೊಡಿಸಬೇಕು. ಹೆಂಗಸರ ಸಹವಾಸದಿಂದ ಅವರನ್ನು ದೂರ ಇರಿಸಬೇಕು. ದಿನವೂ ಸಾಮು ಮಾಡಿಸಬೇಕು. ಇಂದಿನ ತರಬೇತುದಾರನೊಬ್ಬ ಬರೆದ ಕೈಪಿಡಿಯಂತೆಯೇ ಇದೆ ಆ ವಿವರ. ಆದರೆ ಪ್ರಕರಣದ ಹೆಸರನ್ನು ಮರೆಯಬಾರದು. ಅದು ‘ವಿನೋದ’. ಉಣ್ಣುವವನು ಮಲ್ಲ, ವಿನೋದ ಅರಸನದು.

ಈ ವ್ಯವಸ್ಥೆ ವಿಜಯನಗರದಲ್ಲಿ ಎಷ್ಟು ದೊಡ್ಡದಾಗಿ ಬೆಳೆದಿತ್ತೆಂಬುದನ್ನು ಹದಿನಾರನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸರು ಬರೆದಿಟ್ಟಿದ್ದಾರೆ. ಮಹಾನವಮಿಯ ಕಾಳಗದಲ್ಲಿ ಬೀಳುತ್ತಿದ್ದ ಪೆಟ್ಟುಗಳಿಗೆ ಹಲ್ಲು ಮುರಿಯುತ್ತಿದ್ದುದನ್ನೂ ಕಣ್ಣು ಹೋಗುತ್ತಿದ್ದುದನ್ನೂ, ಮಾತು ನಿಂತುಹೋದವರನ್ನು ಸ್ನೇಹಿತರು ಹೊತ್ತೊಯ್ಯುತ್ತಿದ್ದುದನ್ನೂ ಪೇಸ್ ಹೇಳುತ್ತಾನೆ. ನೂನಿಜ್ ಎಂಬವನ ಮಾತು ನಮಗೆ ಇನ್ನೂ ಮುಖ್ಯ. ಅರಸನ ಬಳಿ ಸಾವಿರ ಮಂದಿ ಮಲ್ಲರಿದ್ದರು, ಅವರಿಗೊಬ್ಬ ನಾಯಕನಿದ್ದ, ಮೊನೆಯುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರು, ರಾಜ್ಯದಲ್ಲಿ ಬೇರೆ ಯಾವ ಊಳಿಗವನ್ನೂ ಅವರು ಮಾಡುತ್ತಿರಲಿಲ್ಲ. ಆಟವೇ ಕಸುಬಾಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಆತ ಹೇಳುವ ಇನ್ನೊಂದು ಸಂಗತಿಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ: ಹೆಚ್ಚು ಗಾಯಗೊಂಡವನೇ ಹೋಗಿ ಬಹುಮಾನ ಪಡೆಯುತ್ತಿದ್ದ. ಬಹುಮಾನ ಒಂದು ರೇಷ್ಮೆಯ ಬಟ್ಟೆ. ಬಲಕ್ಕೆ ಕೊಟ್ಟ ಮರ್ಯಾದೆಯೊ ಅದು, ನೆತ್ತರಿಗೆ ಕಟ್ಟಿದ ಬೆಲೆಯೊ?

ವಿಜಯನಗರದ ಸಿರಿ ಕುಂದಿದ ಮೇಲೆ, ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅದೇ ವರ್ಷ ನವರಾತ್ರಿಯ ಉತ್ಸವವನ್ನು ಅಲ್ಲಿ ಆರಂಭಿಸಿದರು. ಸಿಂಹಾಸನದ ಜೊತೆಗೆ ಅದರ ಆಚಾರಗಳೂ ಕಾವೇರಿಯ ದ್ವೀಪಕ್ಕೆ ಬಂದವು. ಕಂಠೀರವ ನರಸರಾಜ ಒಡೆಯರ (1638–1659) ಕಾಲದ ಮಹಾನವಮಿಯ ವೈಭವವನ್ನು ತಿಳಿಯಬೇಕಾದವರು ಗೋವಿಂದ ವೈದ್ಯನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಕಂಠೀರವ ನರಸರಾಜ ವಿಜಯ’ ಎಂಬ ಸಾಂಗತ್ಯ ಕಾವ್ಯವನ್ನು ನೋಡಬೇಕು. 1648ರ ಕೃತಿ ಅದು. ಒಡ್ಡೋಲಗ, ಆನೆ ಕುದುರೆಗಳು, ನರ್ತನ, ಮಲ್ಲರ ಕಾಳಗ ಇವೆಲ್ಲ ಅದರಲ್ಲಿ ಸಾಲಾಗಿ ಬರುತ್ತವೆ. ತರಗತಿಯಲ್ಲಿ ಆ ಭಾಗವನ್ನು ಪಾಠ ಮಾಡುವಾಗಲೆಲ್ಲ ಒಂದು ಸಂಗತಿ ನನ್ನ ಗಮನ ಸೆಳೆದಿದೆ. ದೊರೆಯ ಹೆಸರು ಕಾವ್ಯಕ್ಕೇ ಹೆಸರಾಗಿ ಉಳಿದಿದೆ. ಆ ಅಂಗಳದಲ್ಲಿ ನೆತ್ತರು ಹರಿಸಿದವನ ಹೆಸರು ನಮ್ಮ ನಿಮ್ಮ ಮನೆಗಳಲ್ಲಿ ಯಾರ ಬಾಯಲ್ಲೂ ಇಲ್ಲ.

ಈ ಕಂಠೀರವ ಒಡೆಯರೇ ಜಗಜಟ್ಟಿಯೊಬ್ಬನನ್ನು ಮಣಿಸಿದ ಕತೆ ನಮ್ಮ ಕಡೆ ಮನೆಮಾತು. ಪಟ್ಟಕ್ಕೆ ಬರುವ ಮೊದಲು ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋದರಂತೆ. ಅಲ್ಲಿಯ ಹೆಸರಾಂತ ಜಟ್ಟಿ ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿದ್ದನಂತೆ. ಅದರ ಕೆಳಗೆ ನುಸಿದು ಹೋದವರೆಲ್ಲ ಅವನಿಗೆ ಸೋತೆವೆಂದು ಒಪ್ಪಿಕೊಂಡಂತೆ. ಕಂಠೀರವರು ಅವನನ್ನು ಕಾಳಗಕ್ಕೆ ಕರೆದು ಕತ್ತಿಯ ಏಟಿಗೆ ಕೆಡವಿ, ಮನ್ನಣೆಗೂ ಕಾಯದೆ ಊರಿಗೆ ಮರಳಿದರಂತೆ. ರಣಧೀರ ಕಂಠೀರವರ ಹೆಸರಿನಲ್ಲಿ 1960ರಲ್ಲಿ ರಾಜಕುಮಾರ್ ಅಭಿನಯದ ಚಿತ್ರವೂ ಬಂದು ದೊರೆಯ ಸಾಹಸ ಮನೆಮನೆಗೆ ಮುಟ್ಟಿತು. ಕತೆಯಲ್ಲಿ ಇತಿಹಾಸವೆಷ್ಟು, ಅಭಿಮಾನವೆಷ್ಟು ಎಂದು ಅಳೆಯುವುದು ಇಲ್ಲಿ ನನ್ನ ಉದ್ದೇಶವಲ್ಲ. ಕತೆಯನ್ನು ಒಮ್ಮೆ ಸತ್ತವನ ಕಡೆಯಿಂದ ನೋಡಿ ಎಂದಷ್ಟೇ ನನ್ನ ವಿನಂತಿ. ದೊರೆಗೆ ಅದೊಂದು ಪ್ರಾಯದ ಸಾಹಸ; ಗೆದ್ದು ಬಂದ ಮೇಲೆ ಅವರಿಗೆ ರಾಜ್ಯವಿತ್ತು. ಜಟ್ಟಿಗೆ ಅದು ದಿನನಿತ್ಯದ ಕೆಲಸ. ಬಾಗಿಲಿಗೆ ಕಟ್ಟಿದ ಚಲ್ಲಣ ಅವನ ಅಂಗಡಿಯ ಹಲಗೆ. ಅಂಥವನಿಗೆ ಸವಾಲನ್ನು ಒಲ್ಲೆನೆನ್ನುವ ಸ್ವಾತಂತ್ರ್ಯ ಇರುವುದಿಲ್ಲ.

ಕಾಳಗದ ರೀತಿಯನ್ನು ಚೆನ್ನಾಗಿ ವರ್ಣಿಸಿರುವವನು ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ಅವನ ಇತಿಹಾಸ ಗ್ರಂಥದ ಸಂಪುಟಗಳು 1810ರಿಂದ 1817ರ ಅವಧಿಯಲ್ಲಿ ಪ್ರಕಟವಾದವು. ಎಳೆತನದಿಂದಲೇ ಸಾಮು ಮಾಡಿ ಪಳಗಿದ ಜಟ್ಟಿಗಳು ಹೂವಿನ ಹಾರ ಧರಿಸಿ, ತೊಡೆಯ ಅರ್ಧದವರೆಗೆ ಬರುವ ಕಾವಿ ಬಣ್ಣದ ಚಲ್ಲಣ ತೊಟ್ಟು ಅಂಗಳಕ್ಕೆ ಬರುತ್ತಿದ್ದರು. ಬಲಗೈಯಲ್ಲಿ ವಜ್ರಮುಷ್ಟಿ. ಎಮ್ಮೆಯ ಕೊಂಬಿನಿಂದ ಮಾಡಿ ಬೆರಳಿಗೆ ಹೊಂದಿಸಿದ ಆಯುಧ ಅದು. ಬೆರಳ ಗೆಣ್ಣುಗಳ ಮೇಲೆ ನಾಲ್ಕು ಮೊನೆ, ಕಿರುಬೆರಳ ಕಡೆಗೆ ಇನ್ನೂ ಚಾಚಿದ ಐದನೆಯದೊಂದು. ಎಡಗೈ ಬರಿದು. ಹಿಡಿತ, ಪಟ್ಟು, ಗುದ್ದು ಎಲ್ಲಕ್ಕೂ ಅಲ್ಲಿ ಎಡೆಯಿತ್ತು. ಮುಗಿದ ಮೇಲೆ ದೊರೆಯ ಕೈಯಿಂದ ಉಡುಗೊರೆ.

ಹಬ್ಬದ ಜಟ್ಟಿ ಇವನಾದರೆ, ಉಳಿದ ದಿನಗಳ ಜಟ್ಟಿಯ ಕತೆ ಅಷ್ಟು ಚೆಂದದ್ದಲ್ಲ. ಹೈದರ್ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಇಂಗ್ಲಿಷರ ಬರಹಗಳಲ್ಲೂ ಕಂಪೆನಿಯ ಕಡೆಯವರ ವರದಿಗಳಲ್ಲೂ ಜಟ್ಟಿಗಳ ಹೆಸರು ಭಯದ ಹೆಸರು. ಮರಣದಂಡನೆಗೆ ಗುರಿಯಾದವನನ್ನು ಒಬ್ಬ ಹಿಡಿದುಕೊಂಡರೆ ಇನ್ನೊಬ್ಬ ತಲೆಯನ್ನು ಹಿಡಿದು ಕತ್ತನ್ನು ತಿರುಚಿಬಿಡುತ್ತಿದ್ದನೆಂದು ಅವರು ಬರೆದಿದ್ದಾರೆ. ಶತ್ರುಗಳ ಬರಹ ಇದು, ಎಚ್ಚರದಿಂದಲೇ ಓದಬೇಕು. ಆದರೆ ಜಟ್ಟಿಗಳಿಂದ ಈ ಕೆಲಸ ಮಾಡಿಸುತ್ತಿದ್ದರೆಂಬ ಮಾತು ಹಲವು ಕಡೆಗಳಿಂದ ಬಂದಿರುವುದರಿಂದ ತಳ್ಳಿಹಾಕುವಂತಿಲ್ಲ. ಕೀಲು ಎಲ್ಲಿದೆ, ನರ ಎಲ್ಲಿದೆ, ಎಷ್ಟು ತಿರುಗಿಸಿದರೆ ಎಲುಬು ತಡೆದೀತು ಎಂಬ ವಿದ್ಯೆ ಅವರ ಕೈಯಲ್ಲಿತ್ತು. ಒಂದು ದಿನ ಆ ವಿದ್ಯೆ ವಿನೋದಕ್ಕೆ ಬೇಕಾಯಿತು, ಇನ್ನೊಂದು ದಿನ ದಂಡನೆಗೆ. ಎರಡೂ ದಿನ ಅಪ್ಪಣೆ ಅರಸೊತ್ತಿಗೆಯದು. ಹೆಸರು ಕೆಟ್ಟದ್ದು ಮಾತ್ರ ಜಟ್ಟಿಯದು.

ಇದೇ ಕಾಲದಲ್ಲಿ ಹತ್ತಿರದ ಹಿರೋಡೆಯಲ್ಲಿ ಸುಲ್ತಾನರ ಸಂಬಳದ ಫ್ರೆಂಚ್ ಸಿಪಾಯಿಗಳು ಬೀಡು ಬಿಟ್ಟಿದ್ದರು. ಅದರಿಂದಲೇ ಇಂದಿನ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಅಂಟಿಕೊಂಡಿತ್ತು. ಅವರೂ ಮೈಯನ್ನು ಕೂಲಿಗೆ ಕೊಟ್ಟವರೇ. ಆದರೆ ಅವರು ಬಂದ ದೂರದ ದೇಶ ಅವರ ಹೆಸರನ್ನು ಒಂದು ಊರಿನ ಮೇಲೆ ಬಿಟ್ಟಿತು. ಜಟ್ಟಿ ಈ ಮಣ್ಣಿನವನೇ ಆಗಿ ಅಷ್ಟನ್ನೂ ಪಡೆಯಲಿಲ್ಲ.

ಹೋರಾಡಿ ಮಡಿದವರನ್ನು ಮರೆಯುವ ನಾಡು ನಮ್ಮದು ಎಂದು ಇದರಿಂದ ಯಾರೂ ತಿಳಿಯಬಾರದು. ನಾಗಮಂಗಲ, ಕೃಷ್ಣರಾಜಪೇಟೆಗಳ ಸುತ್ತಿನ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ವೀರಗಲ್ಲುಗಳು ನಿಂತಿವೆ. ತುರುಗಳನ್ನು ಬಿಡಿಸಲು ಹೋಗಿ, ಊರಳಿವನ್ನು ತಡೆಯಲು ಹೋಗಿ ಸತ್ತವರಿಗೆ ಕಲ್ಲು ನಿಲ್ಲಿಸಿ, ಅವರ ಮನೆಯವರಿಗೆ ‘ನೆತ್ತರುಗೊಡಗೆ’ ಎಂದು ಭೂಮಿ ಬಿಡುವ ಪದ್ಧತಿ ಕನ್ನಡ ನಾಡಿನಲ್ಲಿತ್ತು. ಸುರಿದ ನೆತ್ತರಿಗೆ ಮಕ್ಕಳ ಅನ್ನದ ಜವಾಬ್ದಾರಿಯನ್ನು ಸಮಾಜ ಹೊತ್ತುಕೊಂಡ ರೀತಿ ಅದು. ಮನುಷ್ಯರ ಮಾತಿರಲಿ, ನಮ್ಮ ಜಿಲ್ಲೆಯದೇ ಆದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ ಕಾಳಿ ಎಂಬ ನಾಯಿಗೂ ಕಲ್ಲು ನೆಟ್ಟರು. ಗಂಗರ ಬೂತುಗನಿಂದ ಮಣಲೆರ ಎಂಬ ವೀರ ಕೇಳಿ ಪಡೆದ ಬೇಟೆನಾಯಿ ಅದು. ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ಕಲ್ಲಿಗೆ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟರು. ನಾನು ಈ ನಾಲ್ಕು ತಾಲ್ಲೂಕುಗಳಲ್ಲಿ ತಿರುಗಾಡಿ ನೋಡಿದ ಕಲ್ಲುಗಳಲ್ಲಿ ಜಟ್ಟಿಯ ಕಲ್ಲೊಂದನ್ನು ಕಂಡಿಲ್ಲ. ಊರಿಗಾಗಿ ಸತ್ತವನು ವೀರ. ಊರಿನ ಕಣ್ಣಿಗೆ ಹಬ್ಬವಾಗಲೆಂದು ಗಾಯಗೊಂಡವನಿಗೆ ಒಂದು ತುಂಡು ರೇಷ್ಮೆ ಸಾಕು ಎಂಬ ಭಾವನೆ ಹಿಂದಿನವರಲ್ಲಿದ್ದಿರಬೇಕು. ಇಂದಿನವರಲ್ಲಿಯೂ ಅದು ಇಲ್ಲವೆಂದು ನಾನು ಹೇಳಲಾರೆ.

ಪಾಂಡವಪುರದ ಕುಂತಿಬೆಟ್ಟವನ್ನು ನೋಡಿದವರಿಗೆ ಪಾಂಡವರ ಕತೆ ನೆನಪಾಗುವುದು ಸಹಜ. ಅವರು ವನವಾಸದ ಕಾಲದಲ್ಲಿ ಅಲ್ಲಿ ತಂಗಿದ್ದರೆಂದು ಸ್ಥಳದವರು ನಂಬುತ್ತಾರೆ. ಮುಂದೆ ಅಜ್ಞಾತವಾಸದಲ್ಲಿ ಭೀಮ ವಲಲನೆಂಬ ಹೆಸರಿನಿಂದ ವಿರಾಟನ ಅಡುಗೆಮನೆ ಸೇರಿ, ಜೀಮೂತನೆಂಬ ಮಲ್ಲನನ್ನು ಉತ್ಸವದಲ್ಲಿ ಕೆಡವಿದ ಪ್ರಸಂಗ ವ್ಯಾಸಭಾರತದಲ್ಲಿದೆ. ಎಲ್ಲರಿಗೂ ನೆನಪಿರುವುದು ಇಷ್ಟು. ಆ ಪ್ರಸಂಗದ ಕೊನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಸರಿಸಾಟಿಯಾದ ಮನುಷ್ಯರು ಸಿಕ್ಕದಿದ್ದಾಗ ವಿರಾಟ ಅವನನ್ನು ಹುಲಿ ಸಿಂಹಗಳೊಡನೆ ಕಾದಿಸಿದ. ಅಂತಃಪುರದ ಹೆಂಗಸರ ಮನರಂಜನೆಗಾಗಿ ಮೃಗಗಳೊಡನೆ ಹೋರಾಡಿಸಿದ. ಭೀಮನಿಗೆ ಆ ಅವಮಾನ ಒಂದು ವರ್ಷದ್ದು. ಜಟ್ಟಿಗೆ ಅಜ್ಞಾತವಾಸ ಮುಗಿಯುವ ದಿನವೆಂಬುದೇ ಇರಲಿಲ್ಲ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ರಾಜಧಾನಿ ಮೈಸೂರಿಗೆ ಹೋಯಿತು. ದಸರೆಯೂ ಜೊತೆಯಲ್ಲಿ ಹೋಯಿತು. ಮೈಸೂರು, ಚನ್ನಪಟ್ಟಣ, ಬೆಂಗಳೂರು, ಚಾಮರಾಜನಗರಗಳ ಜಟ್ಟಿ ಮನೆತನಗಳು ಒಡೆಯರ ಮುಂದೆ ಕಾಳಗವನ್ನು ನಡೆಸುತ್ತ ಬಂದವು. ಆದರೆ ವರ್ಷಕ್ಕೊಮ್ಮೆಯ ಉಡುಗೊರೆಯಿಂದ ವರ್ಷವೆಲ್ಲ ಸಂಸಾರ ಸಾಗುವುದು ಹೇಗೆ? ಇಲ್ಲಿಯೇ ಜಟ್ಟಿಗಳ ಚರಿತ್ರೆಯ ಅತ್ಯಂತ ಮೆಚ್ಚತಕ್ಕ ಭಾಗ ಬರುತ್ತದೆ. ಅವರು ಉಳುಕು ತೆಗೆಯುವವರಾದರು, ಮುರಿದ ಮೂಳೆ ಕೂಡಿಸುವವರಾದರು, ಎಣ್ಣೆ ನೀವಿ ನರದ ನೋವು ಇಳಿಸುವವರಾದರು. ಈ ವಿದ್ಯೆ ಅವರಿಗೆ ಹೊಸದಲ್ಲ. ಪ್ರತಿ ಕಾಳಗದ ನಂತರ ತಮ್ಮವರ ಮೈಯನ್ನು ತಾವೇ ನೆಟ್ಟಗೆ ಮಾಡಿಕೊಳ್ಳಬೇಕಾಗಿದ್ದವರು ತಲೆಮಾರುಗಳ ಅನುಭವದಿಂದ ಕಲಿತದ್ದು ಅದು. ಹಿಂದೆ ಕತ್ತು ತಿರುಚಲು ಬಳಸಿದ ತಿಳಿವಳಿಕೆಯೇ ಈಗ ತಪ್ಪಿದ ಕೀಲನ್ನು ಗೂಡಿಗೆ ಸೇರಿಸಿತು. ಭತ್ತದ ಗದ್ದೆಯಲ್ಲಿ ಜಾರಿದ ರೈತ, ಎತ್ತು ಒದ್ದ ಹುಡುಗ, ಗಾಡಿಯಿಂದ ಬಿದ್ದ ಮುದುಕ ಜಟ್ಟಿಯ ಮನೆಯನ್ನು ಹುಡುಕಿಕೊಂಡು ಹೋಗತೊಡಗಿದರು. ಅರಸರು ಮೆಚ್ಚಿದ್ದು ಅವರ ಗುದ್ದನ್ನು. ಜನ ಮೆಚ್ಚಿದ್ದು ಅವರ ಹಸ್ತಗುಣವನ್ನು. ಎರಡನೆಯದೇ ಹೆಚ್ಚು ಕಾಲ ಅನ್ನ ಕೊಟ್ಟಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ನಮ್ಮ ಹಳ್ಳಿಗಳ ಗರಡಿಮನೆಯ ಪೈಲ್ವಾನರು ಜಟ್ಟಿಗಳಲ್ಲ. ಕೆಮ್ಮಣ್ಣಿನ ಮಟ್ಟಿಯಲ್ಲಿ, ಹನುಮಂತನ ಪಟದ ಮುಂದೆ ದಂಡೆ ಬಸ್ಕಿ ಹೊಡೆದು ಜಾತ್ರೆಯಲ್ಲಿ ಕುಸ್ತಿ ಹಿಡಿಯುವ ಯುವಕರು ಬೇಸಾಯಗಾರರ ಮಕ್ಕಳು. ಗೆದ್ದರೆ ಬೆಳ್ಳಿಯ ಕಡಗ, ಸೋತರೆ ಮರುದಿನ ಎಂದಿನಂತೆ ನೇಗಿಲು. ಅವರಿಗೆ ಕುಸ್ತಿ ಹೋದರೂ ಹೊಲ ಉಳಿಯುತ್ತದೆ. ಹೊಲವಿಲ್ಲದೆ ಮೈಯೊಂದನ್ನೇ ನಂಬಿದವನ ಪಾಡು ಬೇರೆ.

ಈ ಭೇದವನ್ನು ಇಂಗ್ಲಿಷರು ಬಂದ ಮೇಲೆ ಇನ್ನೊಂದು ರೂಪದಲ್ಲಿ ಕಂಡೆವು. ಸಂತೋಷಕ್ಕಾಗಿ ಆಡುವವನು ದೊಡ್ಡ ಮನುಷ್ಯ, ಹಣಕ್ಕಾಗಿ ಆಡುವವನು ಕೂಲಿಯಾಳು ಎಂಬ ವಿಂಗಡಣೆ ಅವರದು. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಪುಣೆಯಲ್ಲಿ ಐರೋಪ್ಯರ ಕ್ಲಬ್ಬಿನ ಮೈದಾನ ನೋಡಿಕೊಂಡು, ದೊರೆಗಳ ಬ್ಯಾಟಿಗೆ ಗಂಟೆಗಟ್ಟಲೆ ಚೆಂಡೆಸೆದದ್ದು ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ 114 ವಿಕೆಟ್ ಕಿತ್ತವನೂ ಅವನೇ. ದಲಿತ ಕುಲದವನಾದ್ದರಿಂದ ಸ್ವದೇಶದ ಜೊತೆಯಾಟಗಾರರು ಒಳಗೆ ಪಿಂಗಾಣಿ ಬಟ್ಟಲಲ್ಲಿ ಚಹಾ ಕುಡಿಯುವಾಗ ಅವನಿಗೆ ಹೊರಗೆ ಮಣ್ಣಿನ ಕುಡಿಕೆ. ಮಲ್ಲರ ಕತೆಯೂ ಹಾಗೆಯೇ. 1910ರಲ್ಲಿ ಲಂಡನ್ನಿಗೆ ಹೋಗಿ ಹೆಸರು ಮಾಡಿದ ಗಾಮಾ ಪೈಲ್ವಾನನಿಗೆ ಮುಂದೆ ಪಟಿಯಾಲದ ಮಹಾರಾಜರ ಆಶ್ರಯವಿತ್ತು. ದೇಶ ವಿಭಜನೆಯಾಗಿ ಅರಸೊತ್ತಿಗೆಗಳು ಮುಗಿದ ಮೇಲೆ, 1960ರಲ್ಲಿ ಆತ ಲಾಹೋರಿನಲ್ಲಿ ಕಾಯಿಲೆಯಿಂದ, ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡ. ಸೋಲನ್ನೇ ಕಾಣದ ಮಲ್ಲನೆನಿಸಿಕೊಂಡವನ ಕೊನೆ ಇದು.

ನಮ್ಮ ದೇಶದಲ್ಲಿ ಮಾಜಿ ಅರಸರ ರಾಜಧನ 1971ರಲ್ಲಿ ರದ್ದಾಯಿತು. ಪ್ರಜಾಪ್ರಭುತ್ವಕ್ಕೆ ಅದು ತಕ್ಕದ್ದೇ. ಆದರೆ ಅರಮನೆಯ ಉಪ್ಪುಂಡ ಎಷ್ಟೋ ಕಸುಬಿನವರ ಪಾಲಿಗೆ ಕೊನೆಯ ಬಾಗಿಲೂ ಅಂದೇ ಅರೆಮುಚ್ಚಿತು. ಹಾಗಿದ್ದೂ ವಜ್ರಮುಷ್ಟಿ ಕಾಳಗ ಇಂದಿಗೂ ನಿಂತಿಲ್ಲ. ವಿಜಯದಶಮಿಯ ಬೆಳಗ್ಗೆ ಮೈಸೂರು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಜೋಡಿಯಾಗಿ ಎದುರಾಗುತ್ತಾರೆ. ಒಬ್ಬನ ತಲೆಯಿಂದ ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಕೆಲವೇ ಕ್ಷಣಗಳ ಕೆಲಸ. ಇತ್ತ ಶ್ರೀರಂಗಪಟ್ಟಣದಲ್ಲಿಯೂ ಈಚಿನ ವರ್ಷಗಳಲ್ಲಿ ಕಿರಂಗೂರಿನ ಬನ್ನಿಮಂಟಪದ ಬಳಿ ದಸರೆ ಮರಳಿ ನಡೆಯುತ್ತಿದೆ. ಉತ್ಸವ ಹುಟ್ಟಿದ ಊರಿಗೆ ಆನೆ ಬಂತು, ಅಂಬಾರಿ ಬಂತು. ಆ ಉತ್ಸವಕ್ಕೆ ಮೊದಲಿನಿಂದಲೂ ನೆತ್ತರು ಕೊಟ್ಟವರ ಹೆಸರಿನಲ್ಲಿ ಕೋಟೆಯೊಳಗೆ ಒಂದು ಚಿಕ್ಕ ಕಲ್ಲನ್ನಾದರೂ ನಿಲ್ಲಿಸಬಾರದೇಕೆ?

ಕಲ್ಲು ಸತ್ತವರಿಗಾಯಿತು, ಬದುಕಿರುವವರ ಮಾತೂ ಇದೆ. 2014ರಿಂದ ಕಬಡ್ಡಿ ಆಟಗಾರರೂ ಹರಾಜಿನಲ್ಲಿ ಬೆಲೆ ಪಡೆಯುತ್ತಿದ್ದಾರೆ. ನಮ್ಮ ಹಳ್ಳಿಯ ಹುಡುಗರು ಅದನ್ನು ಕಣ್ಣರಳಿಸಿ ನೋಡುತ್ತಾರೆ, ನೋಡಲಿ. ಮೈಯ ಕಸುವಿಗೆ ಬೆಲೆ ಬರುವುದು ತಪ್ಪಲ್ಲ. ಆದರೆ ಆ ಕಸುವಿಗೆ ಹತ್ತು ಹದಿನೈದು ವರ್ಷದ ಆಯುಸ್ಸು, ಮನುಷ್ಯನಿಗೆ ಎಪ್ಪತ್ತು. ನಡುವಿನ ವರ್ಷಗಳ ಲೆಕ್ಕವನ್ನು ಅರಸನೂ ಇಡಲಿಲ್ಲ, ಅಂಗಳದ ಸುತ್ತ ನಿಂತು ಕೇಕೆ ಹಾಕಿದವರೂ ಇಡಲಿಲ್ಲ. ಜಟ್ಟಿಗಳು ಆ ಲೆಕ್ಕವನ್ನು ತಾವೇ ಇಟ್ಟರು. ತಮ್ಮ ನೋವಿನಿಂದ ಕಲಿತ ವಿದ್ಯೆಯಿಂದ ಪರರ ನೋವನ್ನು ತೆಗೆದು ಬದುಕಿದರು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಮಾತನ್ನು ಅಣಕವಿಲ್ಲದೆ ಹೇಳಬಹುದಾದರೆ, ಅದನ್ನು ಇವರ ಬಗೆಗೆ ಹೇಳಬೇಕು.